ಗೋಡೆಯ ಚಾರ್ಟ್ ಓದಿದ, ಪುಸ್ತಕ ಓದಲಾರ

ಓದುಗರ ಪತ್ರ: ‘ನನ್ನ ಮಗನಿಗೆ ಎಂಟು ವರ್ಷ. ಕಥೆ ಹೇಳಿದರೆ ಕಣ್ಣು ಮಿಟುಕಿಸದೆ ಕೇಳುತ್ತಾನೆ, ಆಮೇಲೆ ಒಂದು ಮಾತೂ ಬಿಡದೆ ತಿರುಗಿ ಹೇಳುತ್ತಾನೆ. ಅದೇ ಕಥೆ ಓದು ಅಂದರೆ ಹತ್ತು ನಿಮಿಷಕ್ಕೆ ತಲೆನೋವು. ಸಾಲು ತಪ್ಪುತ್ತಾನೆ, ಬೆರಳಿಟ್ಟೇ ಓದುತ್ತಾನೆ. ಶಾಲೆಯಲ್ಲಿ ಕಣ್ಣು ನೋಡಿ ಎಲ್ಲ ಸರಿಯಿದೆ ಎಂದರು. ಟೀಚರ್ ಸೋಮಾರಿ ಎನ್ನುತ್ತಾರೆ. ಮತ್ತೆ ತೋರಿಸೋಣ ಅಂದರೆ ಅತ್ತೆಯವರು ಬೇಡ ಅಂತಾರೆ. ಈಗಲೇ ಕನ್ನಡಕ ಹಾಕಿದರೆ ಪವರ್ ಏರುತ್ತಲೇ ಹೋಗುತ್ತದಂತೆ. ಏನು ಮಾಡಲಿ?’ (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಕೇಳಿದ್ದು ಅವನ ತಲೆಯಲ್ಲಿ ನಿಲ್ಲುತ್ತದೆ. ಅದೇ ಪುಸ್ತಕದಿಂದ ಬರಬೇಕಾದರೆ ತಲೆನೋವು. ಸೋಮಾರಿ ಮಕ್ಕಳು ಹೀಗಿರುವುದಿಲ್ಲ, ಅವರಿಗೆ ಕೇಳುವುದಕ್ಕೂ ಬೇಜಾರೇ ಅಲ್ವಾ?

ಶಾಲೆಯ ತಪಾಸಣೆ ತಪ್ಪು ಎನ್ನುತ್ತಿಲ್ಲ. ಅದು ನೋಡುವುದೇ ಬೇರೆ. ಗೋಡೆಗೆ ಅಕ್ಷರದ ಚಾರ್ಟ್ ಹಾಕಿ, ಸಾಮಾನ್ಯವಾಗಿ 6 ಮೀಟರ್ ದೂರದಲ್ಲಿ ನಿಲ್ಲಿಸಿ, ಒಂದೊಂದೇ ಕಣ್ಣು ಮುಚ್ಚಿಸಿ ಓದಿಸುತ್ತಾರೆ. ನೆದರ್ಲೆಂಡ್ಸ್‌ನ ಕಣ್ಣಿನ ವೈದ್ಯ ಹರ್ಮನ್ ಸ್ನೆಲ್ಲೆನ್ 1862ರಲ್ಲಿ ತಂದ ಚಾರ್ಟ್‌ನ ಮಾದರಿ ಇವತ್ತಿಗೂ ನಡೆಯುತ್ತಿದೆ. ದೂರದ್ದು ಮಸುಕಾಗಿ ಕಾಣುವ ಮಕ್ಕಳನ್ನು, ಅಂದರೆ ಮೈನಸ್ ಪವರ್ ಇರುವವರನ್ನು, ಅದು ಚೆನ್ನಾಗಿ ಹಿಡಿಯುತ್ತದೆ. ಆದರೆ ನಿಮ್ಮ ಮಗ ಪುಸ್ತಕ ಹಿಡಿಯುವುದು ಒಂದಡಿ ದೂರದಲ್ಲಿ.

ಹತ್ತಿರದ್ದನ್ನು ಓದುವಾಗ ಕಣ್ಣಿಗೆ ಎರಡು ಕೆಲಸ. ಒಳಗಿನ ಮಸೂರ ಉಬ್ಬಿ ಅಕ್ಷರವನ್ನು ಸ್ಪಷ್ಟ ಮಾಡಬೇಕು. ಜೊತೆಗೆ ಎರಡೂ ಕಣ್ಣು ಮೂಗಿನ ಕಡೆ ತಿರುಗಿ ಒಂದೇ ಅಕ್ಷರದ ಮೇಲೆ ನಿಲ್ಲಬೇಕು. ಪ್ಲಸ್ ಪವರ್ ಇರುವ ಮಗುವಿಗೆ ಮೊದಲನೆಯದೇ ಕಷ್ಟ. ಚಿಕ್ಕವರ ಮಸೂರ ಮೆತ್ತಗಿರುತ್ತದೆ, ಬಗ್ಗುತ್ತದೆ. ಹಾಗಾಗಿ ಒಂದಿಷ್ಟು ಜೋರು ಹಾಕಿ ದೂರದ ಚಾರ್ಟನ್ನು ಕೊನೆಯ ಸಾಲಿನವರೆಗೂ ಓದಿ ಮುಗಿಸಿಬಿಡುತ್ತಾರೆ. ಪುಸ್ತಕಕ್ಕೆ ಇನ್ನೂ ಜಾಸ್ತಿ ಜೋರು ಬೇಕು. ಹತ್ತು ನಿಮಿಷ ತಳ್ಳುತ್ತಾರೆ, ಆಮೇಲೆ ಕಣ್ಣು ಸೋಲುತ್ತದೆ. ಈ ಅಡಗಿದ ಪವರ್ ಹೊರಗೆ ಬರಬೇಕಾದರೆ ಡ್ರಾಪ್ಸ್ ಹಾಕಿ, ಕಣ್ಣಿನ ಆ ಜೋರನ್ನು ಸಡಿಲ ಮಾಡಿ ನೋಡಬೇಕು. ಅವತ್ತು ಹತ್ತಿರದ್ದೆಲ್ಲ ಮಂಜಾಗಿ ಕಾಣುತ್ತದೆ, ಹೆದರಬೇಡಿ. ಪರೀಕ್ಷೆಯ ಹಿಂದಿನ ದಿನ ಮಾತ್ರ ಹೋಗಬೇಡಿ!

ಎರಡನೆಯ ಕೆಲಸ ತಪ್ಪಿದರೆ ಅಕ್ಷರ ಎರಡಾಗಿ ಕಾಣುತ್ತದೆ, ಸಾಲು ಜಾರುತ್ತದೆ, ಓದಿದ ಸಾಲನ್ನೇ ಮತ್ತೆ ಓದುತ್ತಾರೆ. ಕೆಲವರು ಸುಮ್ನೆ ಒಂದು ಕಣ್ಣು ಮುಚ್ಚಿಕೊಂಡು ಓದುತ್ತಾರೆ. ನಿಮ್ಮ ಮಗನ ಬೆರಳು ನೋಡಿದರೆ ನನಗೆ ಇದರ ಮೇಲೂ ಅನುಮಾನ. ವೈದ್ಯರು ಇದನ್ನು ಕನ್ವರ್ಜೆನ್ಸ್ ಇನ್‌ಸಫಿಷಿಯೆನ್ಸಿ ಎನ್ನುತ್ತಾರೆ. ಅಮೆರಿಕದಲ್ಲಿ ಇಂಥ 221 ಮಕ್ಕಳ ಮೇಲೆ ನಡೆದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಕ್ಲಿನಿಕ್‌ನಲ್ಲಿ 12 ವಾರ ಕಣ್ಣಿನ ವ್ಯಾಯಾಮ ಮಾಡಿಸಿ, ಮನೆಯಲ್ಲೂ ಮಾಡಿಸಿದಾಗ ನೂರಕ್ಕೆ 73 ಮಕ್ಕಳಿಗೆ ಗುಣ ಕಂಡಿತು. ಮನೆಯಲ್ಲಿ ಪೆನ್ಸಿಲ್ ಹಿಡಿದು ಮೂಗಿನ ಹತ್ತಿರ ತರುವ ವ್ಯಾಯಾಮ ಮಾತ್ರ ಮಾಡಿದವರಲ್ಲಿ ಅಷ್ಟು ಗುಣ ಕಾಣಲಿಲ್ಲ. ಖುಷಿಪಡುವ ಮುಂಚೆ ಇನ್ನೊಂದು ಮಾತು ಕೇಳಿ. 2019ರ ದೊಡ್ಡ ಅಧ್ಯಯನದಲ್ಲಿ ಇದೇ ಚಿಕಿತ್ಸೆಯಿಂದ ಕಣ್ಣುಗಳ ಹೊಂದಾಣಿಕೆ ಸುಧಾರಿಸಿತು. ಆದರೆ ಓದಿದ್ದನ್ನು ಅರ್ಥ ಮಾಡಿಕೊಳ್ಳುವುದರಲ್ಲಿ, ಹೆಸರಿಗಷ್ಟೇ ಚಿಕಿತ್ಸೆ ಪಡೆದ ಮಕ್ಕಳಿಗಿಂತ ಇವರು ಮುಂದೆ ಹೋಗಲಿಲ್ಲ. ಕಣ್ಣು ಸರಿಹೋದ ದಿನವೇ ಓದು ಸರಿಹೋಗುವುದಿಲ್ಲ. ಓದದೆ ಕಳೆದ ತಿಂಗಳುಗಳ ಲೆಕ್ಕ ಬೇರೆ ಇರುತ್ತದೆ.

‘ಅವನು ಬಾಯಿಬಿಟ್ಟು ಹೇಳಬಾರದಿತ್ತೇ?’ ಎಂದು ನಿಮಗೆ ಅನ್ನಿಸಬಹುದು. ನನ್ನದೇ ಕಥೆ ಹೇಳುತ್ತೇನೆ. ಐದನೇ ತರಗತಿಯಲ್ಲಿ ನಾನು ಪಕ್ಕದವನ ನೋಟ್‌ಬುಕ್ ನೋಡಿ ಬರೆಯುತ್ತಿದ್ದೆ. ಕದ್ದು ಬರೆಯುತ್ತಾನೆ ಎಂದು ಕೈಗೆ ಏಟು ಬಿತ್ತು. ಬೋರ್ಡ್ ಕಾಣಿಸುತ್ತಿಲ್ಲ ಎಂದು ನಾನು ಹೇಳಲಿಲ್ಲ. ಮುಚ್ಚಿಟ್ಟಿದ್ದಲ್ಲ, ಹಿಂದಿನ ಬೆಂಚಿಗೆ ಬೋರ್ಡ್ ಎಲ್ಲರಿಗೂ ಹಾಗೇ ಕಾಣುತ್ತೆ ಅಂದುಕೊಂಡಿದ್ದೆ. ಚೆನ್ನಾಗಿ ಕಾಣುವುದು ಅಂದರೆ ಏನು ಅಂತ ಗೊತ್ತಿಲ್ಲದ ಮಗು ಏನೆಂದು ದೂರಬೇಕು? ‘ಕಾಣಿಸುತ್ತಾ?’ ಎಂದು ಕೇಳಬೇಡಿ, ಹೂಂ ಅಂತಾನೆ. ‘ಅಕ್ಷರ ಅಲುಗಾಡುತ್ತಾ? ಎರಡಾಗುತ್ತಾ? ಓದ್ತಾ ಓದ್ತಾ ಮಸುಕಾಗುತ್ತಾ?’ ಎಂದು ಕೇಳಿ.

ಸೋಮಾರಿ ಎಂಬ ಮಾತು ಬಂತಲ್ಲ, ಕಣ್ಣಿಗೂ ಆ ಹೆಸರಿದೆ. ಒಂದು ಕಣ್ಣಿನ ಚಿತ್ರ ಮಸುಕಾಗಿದ್ದರೆ, ಇಲ್ಲವೇ ಮೆಳ್ಳೆಗಣ್ಣಿದ್ದರೆ, ಮಿದುಳು ಆ ಕಣ್ಣನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಇರಬಹುದು. ಅದೇ ಸೋಮಾರಿ ಕಣ್ಣು. ಇನ್ನೊಂದು ಕಣ್ಣು ಚೆನ್ನಾಗಿರುವುದರಿಂದ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಕನ್ನಡಕ ಕೊಟ್ಟು, ಬೇಕಾದರೆ ಒಳ್ಳೆಯ ಕಣ್ಣಿಗೆ ದಿನಕ್ಕೆ ಇಷ್ಟು ಹೊತ್ತು ಅಂತ ಪಟ್ಟಿ ಅಂಟಿಸಿ, ಈ ಕಣ್ಣಿಗೆ ಕೆಲಸ ಕಲಿಸುತ್ತಾರೆ. ಚಿಕ್ಕ ವಯಸ್ಸಿನಲ್ಲಿ ಇದು ಬೇಗ ಹಿಡಿಯುತ್ತದೆ. ಎಂಟು ವರ್ಷ ತಡವೇನಲ್ಲ, ಆದರೆ ಮುಂದೂಡುವ ವಯಸ್ಸೂ ಅಲ್ಲ.

ಇನ್ನು ಅತ್ತೆಯವರ ಮಾತು. ಅವರು ಕಂಡದ್ದು ನಿಜ. ಕನ್ನಡಕ ಹಾಕಿದ ಎಷ್ಟೋ ಮಕ್ಕಳಿಗೆ ಪವರ್ ಏರುತ್ತದೆ. ಆದರೆ ಏರಿಸುವುದು ಕನ್ನಡಕವಲ್ಲ. ಮಗು ಬೆಳೆಯುವಾಗ ಕಣ್ಣುಗುಡ್ಡೆ ಉದ್ದವಾಗುತ್ತದೆ, ಮೈನಸ್ ಏರುವುದು ಅದರಿಂದ. ಮಲೇಷ್ಯಾದಲ್ಲಿ ಬೇಕೆಂದೇ ಕಡಿಮೆ ಪವರ್‌ನ ಕನ್ನಡಕ ಕೊಟ್ಟು ನೋಡಿದರು. 2002ರಲ್ಲಿ ಬಂದ ಫಲಿತಾಂಶ ಏನು ಗೊತ್ತಾ? ಸರಿಯಾದ ಪವರ್ ಹಾಕಿದವರಿಗಿಂತ ಆ ಮಕ್ಕಳಿಗೇ ಬೇಗ ಏರಿತ್ತು. ಪ್ಲಸ್ ಪವರ್ ಆದರೆ ಬೆಳೆಯುತ್ತಾ ಇಳಿಯುವುದೇ ಹೆಚ್ಚು. ಮೈನಸ್ ಬರದಂತೆ ತಡೆಯುವ ಆಸೆಯಿದ್ದರೆ ಮಗುವನ್ನು ಹೊರಗೆ ಆಡಲು ಬಿಡಿ. ಚೀನಾದ ಗುವಾಂಗ್‌ಝೌನಲ್ಲಿ ಶಾಲಾದಿನಕ್ಕೆ 40 ನಿಮಿಷ ಹೊರಗಿನ ಚಟುವಟಿಕೆ ಸೇರಿಸಿದರು. ಮೂರು ವರ್ಷದಲ್ಲಿ ಅಲ್ಲಿ ಹೊಸದಾಗಿ ಮೈನಸ್ ಬಂದವರು ನೂರಕ್ಕೆ ಸುಮಾರು 30, ಸೇರಿಸದ ಶಾಲೆಗಳಲ್ಲಿ ಸುಮಾರು 40.

ಕಣ್ಣಿನಲ್ಲಿ ಏನೂ ಸಿಗದೆಯೂ ಇರಬಹುದು. ಆಗ ಡಿಸ್ಲೆಕ್ಸಿಯಾ ಬಗ್ಗೆ ತಿಳಿದವರನ್ನು ಕಾಣಿ. ಕೇಳಿದ್ದು ಚೆನ್ನಾಗಿ ಹಿಡಿದು ಓದಿನಲ್ಲಿ ಎಡವುವ ಮಕ್ಕಳು ಅಲ್ಲೂ ಇದ್ದಾರೆ. ಅದು ಅಕ್ಷರಕ್ಕೂ ಸದ್ದಿಗೂ ಗಂಟು ಹಾಕುವ ಕಷ್ಟ, ಕಣ್ಣಿನದಲ್ಲ. ಬಣ್ಣದ ಕನ್ನಡಕದಿಂದ ಅದು ವಾಸಿಯಾಗುತ್ತದೆ ಎನ್ನುವವರ ಹತ್ತಿರ ದುಡ್ಡು ಕಳೆಯಬೇಡಿ.

ಈ ವಾರವೇ ಮಕ್ಕಳ ಕಣ್ಣು ನೋಡುವ ವೈದ್ಯರಲ್ಲಿ ಹೋಗಿ. ‘ಡ್ರಾಪ್ಸ್ ಹಾಕಿ ನೋಡಿ, ಹತ್ತಿರದ ಓದನ್ನೂ ನೋಡಿ, ಎರಡೂ ಕಣ್ಣು ಒಟ್ಟಿಗೆ ಕೆಲಸ ಮಾಡುತ್ತವಾ ನೋಡಿ’ ಎಂದು ಬಾಯಿಬಿಟ್ಟು ಕೇಳಿ. ಕಣ್ಣಿನ ಪರೀಕ್ಷೆ ನಡೆಯುತ್ತಿದೆ ಎಂದು ಟೀಚರ್‌ಗೂ ಒಂದು ಚೀಟಿ ಬರೆದು ಕಳಿಸಿ. ಅಲ್ಲಿಯವರೆಗೆ ಅವನು ಬೆರಳಿಟ್ಟೇ ಓದಲಿ, ತೆಗೆಸಬೇಡಿ. ಐದು ನಿಮಿಷ ಅವನು ಓದಲಿ, ಉಳಿದ ಪುಟ ನೀವು ಓದಿ ಹೇಳಿ.