ಮೂರು ದಿನದ ಕಡಲ ನಡಿಗೆಗೆ ತಯಾರಿ ಹೇಗೆ?

ಪ್ರಶ್ನೆ: ನಾವು ಗಂಗಾವತಿಯವರು. ಡಿಸೆಂಬರ್ ರಜೆಯಲ್ಲಿ ಗೋಕರ್ಣದಿಂದ ಕುಮಟಾವರೆಗೆ ಕಡಲ ದಂಡೆಯಲ್ಲೇ ನಡೆಯಬೇಕೆಂದಿದ್ದೇವೆ. 9 ಮತ್ತು 13 ವರ್ಷದ ಮಕ್ಕಳು, 66 ವರ್ಷದ ತಾಯಿಯವರು ಜೊತೆಗಿರುತ್ತಾರೆ. ಬಿಸಿಲು ನಮಗೆ ಹೊಸದಲ್ಲ. ಬೇರೆ ಏನನ್ನು ಗಮನಿಸಬೇಕು?

ಉತ್ತರ: ಬಿಸಿಲಿನ ವಿಷಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಮ್ಮ ಭಾಗದವರು ಮೋಸ ಹೋಗುವುದು ಅಲ್ಲೇ. ಗಂಗಾವತಿಯ ಒಣ ಹವೆಯಲ್ಲಿ ಬೆವರು ಬೇಗ ಆರಿ ಮೈ ತಂಪಾಗುತ್ತದೆ. ಕರಾವಳಿಯ ಗಾಳಿಯಲ್ಲಿ ತೇವಾಂಶ ಹೆಚ್ಚಿರುವುದರಿಂದ ಬೆವರು ಆರದೆ ಮೈಮೇಲೇ ನಿಲ್ಲುತ್ತದೆ, ಮಕ್ಕಳು ಗೊತ್ತಾಗದಂತೆ ಬಳಲುತ್ತಾರೆ. ಬೆಳಿಗ್ಗೆ ಹತ್ತರೊಳಗೆ ಮತ್ತು ಸಂಜೆ ನಾಲ್ಕರ ನಂತರವಷ್ಟೇ ನಡೆಯಿರಿ. ಬಾಯಾರಿಕೆಯಾಗುವ ಮೊದಲೇ ನೀರು ಕುಡಿಸುತ್ತಿರಿ.

ಎರಡನೆಯದು ಉಬ್ಬರ-ಇಳಿತ. ಇಳಿತದ ಹೊತ್ತಿನಲ್ಲಿ ನೀರು ಸರಿದ ಒದ್ದೆ ಮರಳು ಗಟ್ಟಿಯಾಗಿರುತ್ತದೆ, ಹೆಜ್ಜೆ ಹೂಳುವುದಿಲ್ಲ. ಉಬ್ಬರ ಬಂದರೆ ಮೇಲಿನ ಸಡಿಲ ಮರಳಿನಲ್ಲಿ ನಡೆಯಬೇಕಾಗಿ ಶ್ರಮ ದುಪ್ಪಟ್ಟಾಗುತ್ತದೆ, ಕೆಲವು ಬಂಡೆಗಳ ಬುಡದ ದಾರಿಯೂ ಮುಚ್ಚಿಹೋಗುತ್ತದೆ. ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ, ಮೊದಲ ದಿನ ಬೆಳಿಗ್ಗೆ 7ಕ್ಕಿದ್ದ ಇಳಿತ ಮೂರನೆಯ ದಿನ 8.40ರ ಹೊತ್ತಿಗೆ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಹೆಚ್ಚು. ಪಂಚಾಂಗ ನೋಡಿ ಅವೆರಡನ್ನೂ ಬಿಟ್ಟು ದಿನ ಗೊತ್ತು ಮಾಡಿಕೊಂಡರೆ ಮಕ್ಕಳೊಂದಿಗೆ ನೆಮ್ಮದಿಯಾಗಿ ನಡೆಯಬಹುದು.

ದಾರಿ ಒಟ್ಟು ಸುಮಾರು 25 ಕಿ.ಮೀ. ಮೊದಲ ದಿನ ಕುಡ್ಲೆ ದಾಟಿ ಓಂ ಬೀಚ್‌ವರೆಗೆ ಸಾಕು. ಮರುದಿನ ಹಾಫ್ ಮೂನ್, ಪ್ಯಾರಡೈಸ್ ಬೀಚ್‌ಗಳ ಮೂಲಕ ತದಡಿ ತಲುಪಿ, ದೋಣಿಯಲ್ಲಿ ಅಘನಾಶಿನಿ ನದಿಯನ್ನು ದಾಟಬೇಕು. ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ಓಂ ಬೀಚ್ ದಾಟಿದ ಮೇಲೆ ಗುಡ್ಡದ ಅಂಚಿನ ಕಲ್ಲುದಾರಿ ಬರುವುದರಿಂದ ನಿಮ್ಮ ತಾಯಿಯವರನ್ನು ಆ ದಿನ ನಡೆಸಬೇಡಿ. ಅವರು ಆಟೋದಲ್ಲಿ ತದಡಿಗೆ ಬಂದು, ದೋಣಿಯಲ್ಲಿ ನಿಮ್ಮ ಜೊತೆ ಕೂಡಿಕೊಳ್ಳಲಿ. ಮೂರನೆಯ ದಿನ ಬಾಡದ ಮೂಲಕ ಕುಮಟಾ. ಹೊರಡುವ ಮೊದಲು ಅನುಮತಿಯ ಬಗ್ಗೆ ಅರಣ್ಯ ಇಲಾಖೆಯಲ್ಲಿ ಕೇಳಿ, ವಸತಿಯನ್ನೂ ಕಾಯ್ದಿರಿಸಿ.

ಅಭ್ಯಾಸಕ್ಕೆ ಒಂದು ತಿಂಗಳ ಮೊದಲಿನಿಂದ ಅಂಜನಾದ್ರಿಯ ಮೆಟ್ಟಿಲು ಹತ್ತಿಳಿಯಿರಿ. ಮಕ್ಕಳು ಅಲೆಗೆ ಇಳಿದರೆ ಮೊಣಕಾಲುಮಟ್ಟ ದಾಟಕೂಡದು, ನಿಮ್ಮ ಕೈ ಅವರ ಕೈಯಲ್ಲಿರಲಿ. ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಒಯ್ಯುವುದಾದರೆ, ಬಟ್ಟೆಯಲ್ಲಿ ಸುತ್ತಿಡಬೇಡಿ; ಆ ತೇವದ ಗಾಳಿಗೆ ರೊಟ್ಟಿ ಒಂದೇ ರಾತ್ರಿಯಲ್ಲಿ ಮೆತ್ತಗಾಗುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಟ್ಟು, ತಿನ್ನುವಷ್ಟನ್ನೇ ಹೊರತೆಗೆಯಿರಿ.