ಪ್ರತಿ: ಶಿರಾ ಗೇಟ್ ಮನೆಗೆ ಯಾವ ಸೇಫ್?

ಅಕ್ಕಾ, ಶಿರಾ ಗೇಟ್ ಹತ್ತಿರದ ಮನೇಲಿ ಅಮ್ಮನ ಒಡವೆ ಇಡೋಕೆ 15 ಕೆಜಿ ಸೇಫ್ ಸಾಕಾ ಅಂತ ಕೇಳಿದ್ದೀರಿ. ಬೋಲ್ಟ್ ಹಾಕದಿದ್ರೆ ಸಾಲದು, ಒಬ್ಬನೇ ಹೊತ್ಕೊಂಡು ಹೋಗ್ತಾನೆ. ತಳದಲ್ಲಿ ತೂತು ಇರೋದನ್ನೇ ತಗೊಂಡು ಕಾಂಕ್ರೀಟಿಗೆ ಆಂಕರ್ ಬೋಲ್ಟ್ ಹೊಡೆಸಿ. ನಾವು ಮೊದಲು ಹಾಲೋ ಬ್ಲಾಕ್ (ಒಳಗೆ ಟೊಳ್ಳಿರೋ ಸಿಮೆಂಟ್ ಇಟ್ಟಿಗೆ) ಗೋಡೆಗೆ ಹೊಡೆಸಿದ್ವಿ. ಕೈಯಲ್ಲಿ ಅಲ್ಲಾಡಿಸಿದ್ರೆ ಸಿಮೆಂಟ್ ಪುಡಿ ಉದುರ್ತಿತ್ತು! ಆಮೇಲೆ ನೆಲಕ್ಕೇ ಕೂರಿಸಿದ್ವಿ.

ಡಿಜಿಟಲ್ ಲಾಕ್ ಆದ್ರೆ, ಬ್ಯಾಟರಿ ಸತ್ತಾಗ ಬೇಕಾಗೋ ಕೀನ ಸೇಫ್ ಒಳಗಿಡಬೇಡಿ, ಬೀರು ಸೀರೆ ಕೆಳಗಂತೂ ಬೇಡವೇ ಬೇಡ, ಕಳ್ಳರು ಮೊದಲು ಅಲ್ಲೇ ಕೈ ಹಾಕೋದು.

ದಿನಬಳಕೆಯ ಸರ, ಬಳೆ ಮಾತ್ರ ಮನೇಲಿರಲಿ. ಕಾಸಿನ ಸರದಂಥದ್ದು ಬ್ಯಾಂಕ್ ಲಾಕರಿಗೆ. ಅಲ್ಲಿ ಕಳವಾದ್ರೂ 2022ರಿಂದ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟಿನವರೆಗೆ ಮಾತ್ರ. ಹಾಗಾಗಿ ಒಂದೊಂದು ಒಡವೆಯದೂ ಫೋಟೊ ತೆಗೆದು, ರಸೀದಿ ಜೊತೆ ಬೇರೆ ಕಡೆ ಇಟ್ಕೊಳ್ಳಿ.