ಹೈಫಾ ಮತ್ತು ಮನೆಯ ಜ್ವರವನ್ನು ಬೇರೆ ಮಾಡಬೇಡಿ

ದಾವಣಗೆರೆಯಿಂದ ಬರೆದ ತಂಗಿಗೆ,

ಮೈಸೂರು ಲ್ಯಾನ್ಸರ್ಸ್‌ನಲ್ಲಿ ಕುದುರೆ ಸವಾರರಾಗಿದ್ದ ನಿಮ್ಮ ಮುತ್ತಜ್ಜನ ಕುರಿತ ಲೇಖನ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಕೈಬಿಡಲೂ ನನಗೆ ಮನಸ್ಸಿಲ್ಲ.

ಸಣ್ಣ ತಪ್ಪುಗಳನ್ನು ಮೊದಲು ಮುಗಿಸೋಣ. 1914ರಲ್ಲಿ ದಾವಣಗೆರೆ ಜಿಲ್ಲೆ ಎಲ್ಲಿತ್ತು? ಅದು ಆಗಿದ್ದು 1997ರಲ್ಲಿ. ಆಗ ನಿಮ್ಮೂರು ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಮುತ್ತಜ್ಜ ಬ್ರಿಟಿಷರ ಸಿಪಾಯಿಯಲ್ಲ, ಮೈಸೂರು ಮಹಾರಾಜರ ಪಡೆಯ ಸವಾರ. ‘ಮೈಸೂರಿನವರೇ ಹೈಫಾ ಗೆದ್ದರು’ ಅನ್ನುವುದೂ ಸರಿಯಲ್ಲ. ಮೊದಲ ಮಹಾಯುದ್ಧದಲ್ಲಿ ತುರ್ಕರ ಕೈಯಲ್ಲಿದ್ದ, ಈಗ ಇಸ್ರೇಲ್‌ನಲ್ಲಿರುವ ಆ ಬಂದರು ಊರಿನ ಮೇಲೆ 1918ರ ಸೆಪ್ಟೆಂಬರ್ 23ರಂದು ನೇರವಾಗಿ ನುಗ್ಗಿದ್ದು ಜೋಧಪುರ ಸಂಸ್ಥಾನದ ಸವಾರರು. ನಮ್ಮವರ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಕಡಿದಾದ ದಾರಿ ಹತ್ತಿ ಮೇಲಿದ್ದ ಫಿರಂಗಿಗಳನ್ನು ಹಿಡಿಯಿತು. ಇಷ್ಟು ಬರೆದರೆ ಸಾಕು, ‘ಸಿಂಹದಂತೆ ಎರಗಿದರು’ ಬೇಡವೇ ಬೇಡ. ಪೆಟ್ಟಿಗೆಯಲ್ಲಿ ಪದಕವಿದೆ ಎಂದಿದ್ದೀರಿ. ಅದರ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಆ ಯುದ್ಧದ ಪದಕಗಳ ಅಂಚಿನಲ್ಲಿ ಸಾಮಾನ್ಯವಾಗಿ ನಂಬರು, ಹೆಸರು, ಪಡೆ ಕೆತ್ತಿರುತ್ತಾರೆ. ಹುಡುಕಾಟ ಅಲ್ಲಿಂದ ಶುರು ಮಾಡಿ.

ಈಗ ನನ್ನನ್ನು ಕಾಡಿದ ವಿಷಯ. ಹೈಫಾ ನಿಮ್ಮ ಎರಡನೇ ಭಾಗದಲ್ಲಿದೆ. ಐದನೇ ಭಾಗದಲ್ಲಿ ಎಲ್ಲೋ, ‘ಅದೇ ವರ್ಷ ದಸರಾ ಹೊತ್ತಿಗೆ ಮುತ್ತಜ್ಜಿಯ ಹಿರಿಮಗ ಜ್ವರ ಬಂದು ತೀರಿಕೊಂಡ’ ಎಂದು ಒಂದೇ ಸಾಲು. ಅದೇ ವರ್ಷ, ಅಂದರೆ 1918! ಆ ಜ್ವರ ಇನ್‌ಫ್ಲುಯೆಂಜಾ ಇರಬೇಕು, ಅಲ್ವಾ? ಮೈಸೂರು ಸೀಮೆಯಲ್ಲಿ ಅದರ ಹಾವಳಿ ಜಾಸ್ತಿಯಾಗಿದ್ದೇ ಆ ತಿಂಗಳುಗಳಲ್ಲಿ. ಇಡೀ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಹೋದರು. ಹೈಫಾದ ದಾಳಿಯಲ್ಲಿ ಸತ್ತ ಸವಾರರು 8 ಜನ. ಫಿರಂಗಿಯ ಎದುರು ಹೋದ ಗಂಡ ಬದುಕಿದ, ಮನೆಯಲ್ಲಿದ್ದ ಮಗು ಉಳಿಯಲಿಲ್ಲ. ಕೆಲವೇ ವಾರಗಳ ಅಂತರದಲ್ಲಿ ನಡೆದ ಈ ಎರಡನ್ನೂ ನೀವು ಅಷ್ಟು ದೂರ ದೂರ ಇಟ್ಟಿದ್ದೀರಿ. ದಯವಿಟ್ಟು ಒಂದೇ ಕಡೆ ತನ್ನಿ.

ಅದಕ್ಕೆ ಮನೆಯ ಹಿರಿಯರನ್ನು ಕೇಳಬೇಕಾಗುತ್ತದೆ. ಮಗ ಹೋದ ಸುದ್ದಿ ಸವಾರನಿಗೆ ಯಾವಾಗ ತಲುಪಿತು? ಮುತ್ತಜ್ಜಿಗೆ ಓದುಬರಹ ಇರಲಿಲ್ಲ ಎನ್ನುತ್ತೀರಿ, ಹಾಗಾದರೆ ಕಾಗದ ಬರೆದುಕೊಟ್ಟವರು ಯಾರು? ಮಣ್ಣು ಮಾಡಿದವರು ಯಾರು? ಉತ್ತರ ಸಿಗದಿದ್ದರೆ ಸುಮ್ನೆ ಕಟ್ಟಿ ಬರೆಯಬೇಡಿ. ‘ಮನೆಯಲ್ಲಿ ಯಾರಿಗೂ ನೆನಪಿಲ್ಲ’ ಎಂದೇ ಬರೆಯಿರಿ, ಓದುವವರಿಗೆ ಅದೂ ತಟ್ಟುತ್ತದೆ.

ಊರಿಗೆ ಮರಳಿದ ಮೇಲೆ ಎತ್ತುಗಳಿಗೆ ನೀರು ಕುಡಿಸದೆ ಮುತ್ತಜ್ಜ ಊಟಕ್ಕೆ ಕೂರುತ್ತಿರಲಿಲ್ಲ ಎಂಬ ಮಾತು ನನಗೆ ತುಂಬಾ ಹಿಡಿಸಿತು. ಮೊದಲು ಕುದುರೆ, ಆಮೇಲೆ ಸವಾರ ಅನ್ನುವುದು ಕುದುರೆ ಪಡೆಯ ಶಿಸ್ತು. ಹೈಫಾದಲ್ಲಿ ಒಂದೇ ದಿನ 60 ಕುದುರೆಗಳು ಸತ್ತವು. ನೀವು ಇದನ್ನು ‘ಪ್ರಾಣಿಪ್ರೀತಿ’ ಎಂದು ಒಂದೇ ಪದದಲ್ಲಿ ಮುಗಿಸಿದ್ದೀರಿ. ಆ ಪದ ತೆಗೆದು, ಕೊಟ್ಟಿಗೆಯಲ್ಲಿ ಅವರು ಏನು ಮಾಡುತ್ತಿದ್ದರು ಎಂದು ಬಿಡಿಸಿ ಬರೆಯಿರಿ.

ತಿದ್ದಿ ಕಳಿಸಿ. ಉದ್ದವಾದರೆ ಜಾಗ ಮಾಡಿಕೊಡುವುದು ನನ್ನ ಕೆಲಸ.

ಸಂಪಾದಕ